ಬಸ್ಸಕ್ಕನ ಧ್ವನಿ ಯಾರದು?

ಊರಿನಲ್ಲಿ ಅವಳ ಮುಖ ಕಂಡವರು ಕಡಿಮೆ, ಧ್ವನಿ ಕೇಳದವರು ಯಾರೂ ಇರಲಿಲ್ಲ. ಅಂಗಡಿಯಲ್ಲಿ ನಿಂತು "ಒಂದು ಸೋಪು ಕೊಡಿ" ಅಂದರೆ ಸಾಕು, ಅಂಗಡಿಯವನು ತಲೆಯೆತ್ತಿ, "ಯಾವ ಪ್ಲಾಟ್‌ಫಾರ್ಮಲ್ಲಿ ಕೊಡ್ಲಿ ಮೇಡಂ?" ಎಂದು ಹಲ್ಲು ಕಿರಿಯುತ್ತಿದ್ದ. ಬಸ್ ನಿಲ್ದಾಣದ ಮಹಡಿಯ ಗಾಜಿನ ಗೂಡಿನಲ್ಲಿ ಕೂತು ಅವಳು ಇಪ್ಪತ್ತು ಚಿಲ್ಲರೆ ವರ್ಷ ಬಸ್ಸುಗಳ ಹೊತ್ತನ್ನೂ ದಾರಿಯನ್ನೂ ಕೂಗಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಬಸ್ಸಕ್ಕ. ಆ ಕೆಲಸ ಹೋಗಿ ಎಷ್ಟೋ ಕಾಲವಾದ ಮೇಲೂ ಬಸ್ಸಕ್ಕನೇ.

ಕೆಲಸ ಹೋದ ರೀತಿ ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತಿತ್ತು. ಒಂದು ದಿನ ಆಫೀಸಿನವರು ಕರೆದು, "ನೀವು ರಜೆ ಹಾಕಿದಾಗ ತೊಂದರೆ ಆಗುತ್ತೆ, ನಿಮ್ಮ ಧ್ವನಿ ರೆಕಾರ್ಡ್ ಮಾಡಿ ಇಟ್ಕೊಳ್ತೀವಿ" ಅಂದರು. ಅವಳು ಹಿಗ್ಗಿ ಹೀರೇಕಾಯಿ ಆದಳು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆಯಲ್ಲಿ ಕೂರಿಸಿ, ಅಂಕಿಗಳನ್ನು, ಊರುಗಳನ್ನು, "ಪ್ರಯಾಣಿಕರು ದಯವಿಟ್ಟು ಗಮನಿಸಿ", "ಸ್ವಲ್ಪ ತಡವಾಗಿ", "ಹೊರಡಲು ಸಿದ್ಧವಾಗಿದೆ" ಅನ್ನುವುದನ್ನೆಲ್ಲ ಬಿಡಿಬಿಡಿಯಾಗಿ ಹೇಳಿಸಿಕೊಂಡರು. ಗಂಟಲು ಒಣಗಿದಾಗ ಬಿಸಿನೀರು ತಂದುಕೊಟ್ಟರು. ಅದಾದ ಮೇಲೆ ಅವಳಿಗೆ ರಜೆ ಕೊಟ್ಟರು. ಆ ರಜೆ ಮುಗಿಯಲೇ ಇಲ್ಲ.

ಅಲ್ಲಿಂದ ಮುಂದೆ ಬಸ್ ನಿಲ್ದಾಣದ ಮುಂದೆ ಹಾದುಹೋಗುವುದನ್ನೇ ಬಿಟ್ಟಳು. ಮಾರುಕಟ್ಟೆಗೆ ಹೋಗಬೇಕಾದರೆ ಗೋದಾಮುಗಳ ಹಿಂದಿನ ಸುತ್ತುದಾರಿ ಹಿಡಿಯುತ್ತಿದ್ದಳು. ಗಾಳಿ ಈ ಕಡೆ ಬೀಸಿದ ದಿನ ಅಲ್ಲೂ ಬಿಡುಗಡೆ ಇರಲಿಲ್ಲ. ತನ್ನದೇ ಧ್ವನಿ, ದಣಿವಿಲ್ಲದೆ, ನೆಗಡಿಯಿಲ್ಲದೆ, ಹಬ್ಬಹರಿದಿನವೆನ್ನದೆ, ಯಾವುದೋ ಬಸ್ಸು ಹೊರಡಲು ಸಿದ್ಧವಾಗಿದೆ ಎನ್ನುತ್ತಿತ್ತು.

ಅವಳಿಗೆ ಮತ್ತೆ ಬಾಯಿ ಬಂದದ್ದು ರೇಡಿಯೋದಿಂದ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಡಾವಣೆಯವರೇ ಸೇರಿ ನಡೆಸುತ್ತಿದ್ದ ಪುಟ್ಟ ರೇಡಿಯೋ ಅದು. ಜಾಹೀರಾತಿಲ್ಲ, ಸರ್ಕಾರದ ಹಂಗಿಲ್ಲ, ಯಾವ ಪಕ್ಷದ ಬಾಲವೂ ಅಲ್ಲ. ಅದರ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತ ವಿಜ್ಞಾನದ ಮೇಷ್ಟ್ರು. ಬೆಳಗಿನ ಮಾತಿನ ಕಾರ್ಯಕ್ರಮವನ್ನು ಬಸ್ಸಕ್ಕನಿಗೆ ಒಪ್ಪಿಸಿದರು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಬೆಕ್ಕು ಕಳೆದಿದೆ, ಯಾವ ಮನೆ ಮಾಲೀಕ ಛಾವಣಿ ಸೋರಿದರೂ ಕಿವುಡನಂತೆ ಕೂತಿದ್ದಾನೆ, ಎಲ್ಲ ಅವಳ ಬಾಯಲ್ಲೇ. ನಡುವೆ ಗಂಟಲಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ವಾಸಿಯಾಗಿ ಎದ್ದಾಗ ಆ ಗಾಜಿನಂಥ ಧ್ವನಿ ಹೋಗಿ ಮರಳು ಬೆರೆತಂಥ ಧ್ವನಿ ಉಳಿದಿತ್ತು. ಮೈಕಿನ ಮುಂದೆ ಮತ್ತೆ ಕೂರಲು ಅವಳು ಬಹಳ ಹಿಂದೇಟು ಹಾಕಿದಳು. ಕೂತ ಮೊದಲ ಬೆಳಿಗ್ಗೆ ಯಾರೋ ಫೋನ್ ಮಾಡಿ, "ಹಳೇ ಮೇಡಂ ಎಲ್ಲಿ ಹೋದ್ರು?" ಎಂದು ಕೇಳಿದ್ದರು. ಹಲ್ಲು ಕಚ್ಚಿ ಮುಂದುವರಿಸಿದಳು. ಜನಕ್ಕೆ ಅಭ್ಯಾಸವಾಯಿತು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ದಬಕ್ಕನೆ ವಾಪಸ್ಸು ಬಂದಾಗ ಟ್ರಾನ್ಸ್‌ಮಿಟರ್ ಸುಟ್ಟು ಕೂತಿತು. ಕೋಣೆಯ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಮೇಷ್ಟ್ರು ಮುಚ್ಚಳ ಬಿಚ್ಚಿ, ಒಳಗೆ ಟಾರ್ಚು ಬಿಟ್ಟು ನೋಡಿ, ಮುಚ್ಚಳ ಮತ್ತೆ ಹಾಕಿದರು.

"ರಿಪೇರಿ ಆಗಲ್ವಾ ಮೇಷ್ಟ್ರೇ?"

"ಇದಕ್ಕೆ ರಿಪೇರಿ ಅಲ್ಲಮ್ಮ, ತಿಥಿ ಮಾಡ್ಬೇಕು."

ಸದಸ್ಯರ ಸಭೆ ಸೇರಿತು. ಪೀಠೋಪಕರಣದ ದೊಡ್ಡ ವ್ಯಾಪಾರಿಯೊಬ್ಬ ಹೊಸ ಯಂತ್ರ ತಾನೇ ತರಿಸಿಕೊಡುತ್ತೇನೆಂದು ಮುಂದೆ ಬಂದ. ಬದಲಿಗೆ ದಿನಕ್ಕೊಂದು ಗಂಟೆ ತನ್ನ ಸೋಫಾಗಳ ಗುಣಗಾನವಾಗಬೇಕು, ಅದೂ ಬೆಳಗಿನ ಹೊತ್ತಲ್ಲಿ. ಬೆಳಗಿನ ಹೊತ್ತೆಂದರೆ ಬಸ್ಸಕ್ಕನ ಹೊತ್ತು. ಬೇಡವೆಂದು ಎಲ್ಲರೂ ಕೈ ಎತ್ತಿದರು. ಕೈ ಎತ್ತಿದಷ್ಟೇ ಸಲೀಸಾಗಿ ಎದ್ದು ಮನೆಗೆ ಹೋದರು. ಖಾಲಿ ಕುರ್ಚಿಗಳ ನಡುವೆ ಉಳಿದವರು ಬಸ್ಸಕ್ಕ ಮತ್ತು ಮೇಷ್ಟ್ರು.

"ನಾವು ಸಂಗೀತ ಕಛೇರಿ ಮಾಡಿಕೊಡ್ತೀವಿ ಅಕ್ಕ" ಎಂದು ಆಗ ಮುಂದೆ ಬಂದವನು ಅವಳ ತಮ್ಮ.

ತಮ್ಮನ ವಿಷಯ ಹೇಳಲೇಬೇಕು. ಅವನು ಸಂಗೀತಗಾರ. ಆದರೆ ಮನೆಯವರು ಯಾರೂ ಅವನ ಸಂಗೀತ ಕೇಳಿ ತಲೆದೂಗಿದ್ದಿಲ್ಲ. ಹೊಲಿಗೆ ಯಂತ್ರದ ಮೋಟಾರು, ತಗಡಿನ ತೊಟ್ಟಿ, ರೆಕ್ಕೆ ಸೊಟ್ಟಗಾದ ಫ್ಯಾನು, ಇವುಗಳ ಮೈಗೆ ಗುಂಡಿಯಷ್ಟು ಚಿಕ್ಕ ಮೈಕುಗಳನ್ನು ಅಂಟಿಸಿ ಗುಂಯ್ ಅನ್ನಿಸುತ್ತಿದ್ದ. ಬೀದಿಯಲ್ಲಿ ಅವನಿಗೆ ಗುಂಯ್‌ಗುಡುವ ಮಾಸ್ತರ ಎಂದೇ ಹೆಸರು. ಜೊತೆಗೆ ಇಬ್ಬರು. ಒಬ್ಬಳು ದೊಡ್ಡ ಪಿಟೀಲಿನವಳು, ತಂತಿ ಬಿಟ್ಟು ಅದರ ಮರವನ್ನು ಉಜ್ಜುತ್ತಿದ್ದಳು. ಇನ್ನೊಬ್ಬ ಡೋಲಿನೊಳಗೆ ಜಲ್ಲಿಕಲ್ಲು ತುಂಬಿ ಮೆಲ್ಲಗೆ ಅಲುಗಿಸುವವನು. ತಿಂಗಳಿಗೊಮ್ಮೆ ರಾತ್ರಿ ಕಾರ್ಯಕ್ರಮದಲ್ಲಿ ಇವರ ಸಂಗೀತ ಬಿತ್ತರವಾಗುತ್ತಿತ್ತು. ಬೇರೆ ಯಾವ ರೇಡಿಯೋದವರೂ ಇವರನ್ನು ಹೊಸಿಲೊಳಗೆ ಬಿಟ್ಟುಕೊಳ್ಳದ್ದರಿಂದ, ಈ ರೇಡಿಯೋ ನಿಂತರೆ ಇವರಿಗೂ ನೆಲೆಯಿರಲಿಲ್ಲ.

"ಕಛೇರಿಯನ್ನೇ ರೆಕಾರ್ಡ್ ಮಾಡಿ, ಅದನ್ನೂ ಮಾರೋಣ. ಬಂದದ್ದೆಲ್ಲ ರೇಡಿಯೋಗೆ."

"ನಿಮ್ಮ ಗಲಾಟೆ ಯಾರೋ ದುಡ್ಡು ಕೊಟ್ಟು ಕೇಳ್ತಾರೆ?"

"ಇಷ್ಟಪಡೋರು ಇದ್ದಾರಕ್ಕ. ನಿಂಗೆ ಗೊತ್ತಿಲ್ಲ ಅಷ್ಟೆ."

ಟಿಕೆಟ್ ಹಿಡಿದು ಮನೆಮನೆ ಅಲೆದವಳು ಮಾತ್ರ ಬಸ್ಸಕ್ಕ. ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ: "ಯಾವ ಯಾವ ಹಾಡು ಹಾಡ್ತಾರೆ?" ಸುಳ್ಳು ಹೇಳಲು ಮನಸ್ಸಿಲ್ಲ, ನಿಜ ಹೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. "ವಾದ್ಯ ಸಂಗೀತ" ಎಂದು ತೊದಲಿ ಮುಂದಿನ ಮನೆಗೆ ಓಡುತ್ತಿದ್ದಳು. ಮನೆಯ ಹಿಂದಿನ ಕೋಣೆಯಲ್ಲಿ ತಾಲೀಮು ಶುರುವಾದಾಗ, ಅರ್ಧ ಕಿವಿ ಮಂದವಾದ ಅವರಮ್ಮ ಮಂಚದಿಂದಲೇ ಕೂಗಿದಳು: "ಮಿಕ್ಸಿ ಆಫ್ ಮಾಡೇ, ಸುಟ್ಟುಹೋಗುತ್ತೆ!"

ಮುಚ್ಚಿಹೋದ ಅಚ್ಚುಕೂಟದ ಹಜಾರದಲ್ಲಿ ಭಾನುವಾರ ಮಧ್ಯಾಹ್ನ ಕಛೇರಿ. ನೆಲದಲ್ಲಿ ಇನ್ನೂ ಮಸಿಯ ಕಲೆಗಳಿದ್ದವು. ಮೊದಲ ಭಾಗ ಶುರುವಾಗಿ ಬಹಳ ಹೊತ್ತು ಗುಂಯ್‌ಗುಟ್ಟಿತು. ಅಂಗಡಿಯವನು ಹೆಂಡತಿಯ ಕಡೆ ನೋಡಿದ, ಹೆಂಡತಿ ಬಾಗಿಲಿನ ಕಡೆ ನೋಡಿದಳು. ಒಂದೊಂದೇ ಕುರ್ಚಿ ಕಿರುಗುಟ್ಟಿತು. ಬಾಗಿಲಲ್ಲಿ ನಿಂತಿದ್ದ ಬಸ್ಸಕ್ಕನ ಮುಖ ತಪ್ಪಿಸಿ ನೆರೆಹೊರೆಯವರು ನುಸುಳಿದರು. ಒಬ್ಬ ಮಾತ್ರ ನಿಂತು, "ವಾದ್ಯಗಳನ್ನ ಶ್ರುತಿ ಮಾಡ್ಕೊಳ್ಳೋದು ಮುಗಿದ ಮೇಲೆ ಬರ್ತೀನಿ" ಎಂದು ಹೇಳಿಹೋದ. ಕುಚೇಷ್ಟೆಯೋ ಪ್ರಾಮಾಣಿಕತೆಯೋ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಕೆಲವು ಡ್ರೈವರುಗಳು, ಕಂಡಕ್ಟರುಗಳು ಹಳೆಯ ಸ್ನೇಹಕ್ಕೆ ಕಟ್ಟುಬಿದ್ದು ಅಲುಗದೆ ಕೂತಿದ್ದರು.

ಎರಡನೆಯ ಭಾಗದಲ್ಲಿ ಫ್ಯಾನು ತಣ್ಣಗಾಯಿತು. ಜಲ್ಲಿಕಲ್ಲು ಮಳೆಯ ಹಾಗೆ ಸದ್ದು ಮಾಡಿತು. ಅದರ ನಡುವಿನಿಂದ, ಗಾಜಿನಷ್ಟು ತಿಳಿಯಾಗಿ, ಒಂದು ಧ್ವನಿ ಎದ್ದಿತು.

"ಪ್ರಯಾಣಿಕರು ದಯವಿಟ್ಟು ಗಮನಿಸಿ."

ಬಸ್ಸಕ್ಕನದೇ ಹಳೆಯ ಧ್ವನಿ. ತಮ್ಮ ಎಷ್ಟು ದಿನ ಬಸ್ ನಿಲ್ದಾಣದಲ್ಲಿ ರೆಕಾರ್ಡರ್ ಹಿಡಿದು ನಿಂತಿದ್ದನೋ! ಅವಳ ಧ್ವನಿಯನ್ನು ಕತ್ತರಿಸಿದ್ದ, ತಿರುಗಿಸಿದ್ದ, ಒಂದರ ಮೇಲೊಂದು ಪೇರಿಸಿದ್ದ. ಅಂಕಿಗಳು ಅಂಕಿಗಳನ್ನು ಅಟ್ಟಿಸಿಕೊಂಡು ಹೋದವು. "ತಡವಾಗಿ, ತಡವಾಗಿ, ತಡವಾಗಿ" ಎಂದು ಹತ್ತು ಬಸ್ಸಕ್ಕಂದಿರು ಒಟ್ಟಿಗೆ ಹೇಳಿದರು. ಹಿಂದಿನ ಸಾಲಿನಿಂದ ನಗೆ ಸಿಡಿಯಿತು. ಒಬ್ಬ ಡ್ರೈವರ್ ಎದ್ದುನಿಂತು ಶಿಳ್ಳೆ ಹೊಡೆದ. ಹೊರಗೆ ಹೋಗಿದ್ದವರು ಇಣುಕಿದರು, ಒಳಗೆ ಬಂದರು. ಮುಗಿದಾಗ ಹಜಾರ ಚಪ್ಪಾಳೆಯಿಂದ ಅದುರಿತು. ಚಪ್ಪಾಳೆ ಸ್ವೀಕರಿಸಲು ಅಕ್ಕನನ್ನು ಕರೆಯಬೇಕೆಂದು ತಮ್ಮ ತಿರುಗಿ ನೋಡುತ್ತಾನೆ, ಬಾಗಿಲಲ್ಲಿ ಅವಳಿರಲಿಲ್ಲ.

ಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು. ತೊಳೆದಿಟ್ಟಿದ್ದನ್ನೇ ಮತ್ತೆ ತೊಳೆಯುತ್ತಿದ್ದಳು.

"ನಿಂಗೆ ಖುಷಿ ಆಗುತ್ತೆ ಅಂತ ಹೇಳದೇ ಇಟ್ಟಿದ್ದೆ ಅಕ್ಕ."

"ಖುಷಿ!"

"ಅಷ್ಟು ಒಳ್ಳೇ ಧ್ವನಿ ಅಲ್ಲಿ ಧೂಳಲ್ಲಿ ಹಾಳಾಗ್ತಿದೆ, ಅದನ್ನ..."

"ಅವರೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ" ಎಂದಳು ಅವಳು ತಿರುಗದೆಯೇ. "ಅವರು ಕತ್ತರಿಸಿ ಡಬ್ಬಿಗೆ ಹಾಕಿದ್ರು. ನೀನು ಆ ಡಬ್ಬೀನ ಅಲುಗಾಡಿಸಿ ಜನರನ್ನ ನಗಿಸಿದೆ. ಇಲ್ಲಿ ಮನೇಲಿ ಒಬ್ಬಳು ಇದ್ದಾಳೆ, ಅವಳಿಗೂ ಒಂದು ಧ್ವನಿ ಇದೆ, ಅದು ಯಾರಿಗೂ ಬೇಡ."

ತಮ್ಮ ಏನೋ ಹೇಳಲು ಹೋದ. ಅವಳು ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಅವಳ ಹೊಟ್ಟೆ ಇನ್ನೂ ಉರಿಯುವಂತೆ, ಆ ರೆಕಾರ್ಡಿಂಗು ಬಿಸಿ ದೋಸೆಯಂತೆ ಖರ್ಚಾಯಿತು. ಎಲ್ಲೆಲ್ಲಿಂದಲೋ ಜನ ತರಿಸಿಕೊಂಡರು. ಕಂಡಕ್ಟರುಗಳು ಫೋನಿನಲ್ಲಿ ಹಾಕಿಕೊಂಡು ತಿರುಗಿದರು. ಬೀದಿಯಲ್ಲಿ ಹೋದರೆ ಮಕ್ಕಳು "ತಡವಾಗಿ, ತಡವಾಗಿ" ಎಂದು ಹಿಂದಿನಿಂದ ಕೂಗುತ್ತಿದ್ದರು. ಹೊಸ ಯಂತ್ರಕ್ಕೆ ಮೇಷ್ಟ್ರು ಆರ್ಡರ್ ಕೊಟ್ಟರು. ರೇಡಿಯೋ ಬದುಕುತ್ತದಲ್ಲ, ಸಾಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಆಗ ಬಸ್ ಕಂಪನಿಯ ಕಡೆಯಿಂದ ಒಬ್ಬ ಮನುಷ್ಯ ರೇಡಿಯೋದ ಮೆಟ್ಟಿಲು ಹತ್ತಿ ಬಂದ. ಆ ಧ್ವನಿ ಕಂಪನಿಯ ಸ್ವತ್ತು, ಮಾರಾಟ ನಿಲ್ಲಿಸಬೇಕು, ಇಲ್ಲದಿದ್ದರೆ ಕೋರ್ಟು ಎಂದ. ಮೇಷ್ಟ್ರು ಅವನನ್ನು ಕೂರಿಸಿ ಚಹಾ ಕೊಟ್ಟರು. ಚಹಾ ಕುಡಿದು ಅದೇ ಮಾತನ್ನು ಮತ್ತೆ ಹೇಳಿ ಇಳಿದುಹೋದ. ಮಾರಾಟ ನಿಂತಿತು. ಯಂತ್ರದ ಅಂಗಡಿಯವರು ಮಿಕ್ಕ ಹಣಕ್ಕೆ ಕಾದು ಕೂತರು. ತಮ್ಮ ತಲೆ ಮೇಲೆ ಕೈ ಹೊತ್ತು ಕೂತ.

ಬಸ್ಸಕ್ಕ ಆ ಸಂಜೆಯೇ ಬಸ್ ನಿಲ್ದಾಣಕ್ಕೆ ಹೋದಳು. ಸುತ್ತುದಾರಿ ಹಿಡಿಯಲಿಲ್ಲ. ಮುಂಬಾಗಿಲಿನಿಂದಲೇ ಹೋದಳು. ಮ್ಯಾನೇಜರ್ ಹೊಸಬ, ಚಿಕ್ಕ ವಯಸ್ಸು, ಮರ್ಯಾದಸ್ಥ. ಎದ್ದುನಿಂತು ಕುರ್ಚಿ ಎಳೆದುಕೊಟ್ಟ.

"ಅದು ನನ್ನ ಧ್ವನಿ" ಎಂದಳು.

"ಖಂಡಿತ ನಿಮ್ಮದೇ ಮೇಡಂ. ಆದ್ರೆ ನಮ್ಮದು."

ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರಿನಿಂದ ಅವಳೇ, ಬಂದರಿನ ಬಸ್ಸು ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬರಲಿದೆ ಎಂದಳು. ಇಬ್ಬರೂ ಅದು ಮುಗಿಯುವವರೆಗೆ ಸುಮ್ಮನಿರಬೇಕಾಯಿತು. ತನ್ನ ಮಾತಿಗೆ ತಾನೇ ಅಡ್ಡ ಬಂದಂತಾಗಿ ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

"ಹಾಗಾದ್ರೆ ಈಗ ಮಾತಾಡ್ತಾ ಇರೋದು ಯಾರ ಧ್ವನಿ?"

ಮ್ಯಾನೇಜರ್ ತಬ್ಬಿಬ್ಬಾದ. "ಇದು... ಇದು ನಿಮ್ಮದೇ ಮೇಡಂ."

"ಇದಕ್ಕೆ ನಿಮ್ಮ ತಕರಾರಿಲ್ಲ?"

"ಇದಕ್ಯಾಕೆ ಮೇಡಂ ತಕರಾರು?"

ಇದಕ್ಯಾಕೆ. ಆ ಮಾತು ದಾರಿಯುದ್ದಕ್ಕೂ ಅವಳನ್ನು ಕುಟುಕಿತು. ಆದರೂ ಮನೆಗೆ ಬಂದವಳೇ ತಮ್ಮನನ್ನು ಎಬ್ಬಿಸಿದಳು. "ನಾಳೆ ಬೆಳಿಗ್ಗೆ ರೇಡಿಯೋ ಕೋಣೆಗೆ ನಿಮ್ಮ ಮೈಕು ತಗೊಂಡು ಬನ್ನಿ. ನಾನು ಹೇಳ್ತೀನಿ, ನೀವು ನುಡಿಸಿ. ಆದ್ರೆ ಕತ್ತರಿಸೋ ಹಾಗಿಲ್ಲ. ತಿರುಗಿಸೋ ಹಾಗಿಲ್ಲ. ನಾನೊಬ್ಬಳೇ ಇರ್ಬೇಕು, ಹತ್ತು ಜನ ಬೇಡ."

"ಏನು ಹೇಳ್ತೀಯ ಅಕ್ಕ? ಅದೇ ಬಸ್ಸುಗಳಾ?"

"ಬರದೇ ಇದ್ದ ಬಸ್ಸುಗಳು."

ಗಾಜಿನ ಗೂಡಿನಲ್ಲಿ ಒಂದು ಕಟ್ಟಳೆಯಿತ್ತು. ಬಸ್ಸು ರದ್ದಾದರೂ ಬಾಯಿಬಿಟ್ಟು ರದ್ದು ಅನ್ನಕೂಡದು. ಜನ ಗಲಾಟೆ ಮಾಡುತ್ತಾರೆಂದು "ಸ್ವಲ್ಪ ತಡವಾಗಿ" ಎಂದೇ ಹೇಳಬೇಕು. ಗಾಜಿನ ಆಚೆ ಗಂಟುಮೂಟೆ ಇಟ್ಟುಕೊಂಡು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕಾಯುವವರು ಅವಳ ಕಣ್ಣಿಗೆ ಬೀಳುತ್ತಿದ್ದರು. ಮೇಲಿನವರ ಹತ್ತಿರ ಎಷ್ಟು ಸಲ ಜಗಳವಾಡಿದ್ದಳೋ. "ನಿಮ್ಮ ಕೆಲಸ ಓದೋದು, ಯೋಚಿಸೋದಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮರುದಿನ ರೇಡಿಯೋ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಕೆಳಗಿನ ಸೈಕಲ್ ಅಂಗಡಿಯವನನ್ನು ಬೇಡಿಕೊಂಡು ಸುತ್ತಿಗೆ ನಿಲ್ಲಿಸಿದರು. ಪಿಟೀಲಿನವಳು ಮರದ ಮೇಲೆ ಅಂಗೈಯನ್ನು ಸುಮ್ಮನೆ ಇಟ್ಟಳು. ಬಸ್ಸಕ್ಕ ಮೈಕಿನ ಹತ್ತಿರ ಸರಿದು, ಮರಳು ಬೆರೆತ ಆ ಧ್ವನಿಯಲ್ಲಿ, ಅವಸರವಿಲ್ಲದೆ ಹೇಳತೊಡಗಿದಳು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಗಿರಣಿಯ ಕಡೆ ಹೋಗುವ ಮೊದಲ ಬಸ್ಸು ಬರುವುದಿಲ್ಲ. ಕಾಯಬೇಡಿ. ಆಸ್ಪತ್ರೆಯ ಬಸ್ಸು ಬರುವುದಿಲ್ಲ. ಮೂರನೇ ಕಂಬದ ಹತ್ತಿರ ಕೂತಿರುವ ಅಜ್ಜಿ, ನಿಮಗೇ ಹೇಳುತ್ತಿರುವುದು, ಈ ಬಸ್ಸನ್ನು ನಿಲ್ಲಿಸಿಬಿಟ್ಟಿದ್ದಾರೆ. ಬೇರೆ ದಾರಿ ನೋಡಿಕೊಳ್ಳಿ."

ಒಂದೊಂದು ಬಸ್ಸನ್ನೂ ನೆನಪಿನಿಂದಲೇ ಹೇಳಿದಳು. ಜಲ್ಲಿಕಲ್ಲಿನವನು ಡೋಲು ಅಲುಗಿಸುವುದನ್ನೇ ಮರೆತ. ತಮ್ಮ ಫ್ಯಾನಿನ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತಲಿಲ್ಲ. ಕೊನೆಗೆ ಗಂಟಲು ಕಟ್ಟಿ ಜೋರಾಗಿ ಕೆಮ್ಮು ಬಂತು. ನೀರು ಕುಡಿದು ಮುಗಿಸಿದಳು.

"ಆ ಕೆಮ್ಮು ತೆಗೆದುಬಿಡು" ಎಂದಳು ಎದ್ದು ನಿಂತು.

"ಅದೇ ಚೆನ್ನಾಗಿದೆ ಅಕ್ಕ, ಇರ್ಲಿ."

"ತೆಗಿ ಅಂದೆ."

"ಕತ್ತರಿಸ್ಬಾರ್ದು ಅಂದಿದ್ದು ನೀನೇ ಅಲ್ವಾ?"

ಪಿಟೀಲಿನವಳು ಮುಖ ಆಚೆ ತಿರುಗಿಸಿ ನಕ್ಕಳು. ಬಸ್ಸಕ್ಕನಿಗೆ ನಗು ಬರಲಿಲ್ಲ. ಕೆಮ್ಮು ಹಾಗೇ ಉಳಿಯಿತು.

ಶಾಲೆಯೊಂದರ ಊಟದ ಹಜಾರದಲ್ಲಿ ಎರಡನೆಯ ಕಛೇರಿಯಾಯಿತು. ಈ ಸಲ ಅವಳು ಮುಂದೆ ಕೂತು ತಾನೇ ಹೇಳಿದಳು. ಯಾರೂ ನಗಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಮುಗಿದ ಮೇಲೆ ಒಬ್ಬ ಹೆಂಗಸು ಹತ್ತಿರ ಬಂದು ಕೈ ಹಿಡಿದು, "ಒಂದು ಸಲ ಅಲ್ಲಿ ನಾನು ಬೆಳಗಿನ ತನಕ ಕಾದಿದ್ದೆ" ಎಂದಳು. ಅದು ಬೈಗುಳವೋ ಸಮಾಧಾನವೋ ಬಸ್ಸಕ್ಕನಿಗೆ ತಿಳಿಯಲಿಲ್ಲ. ಆ ಹೆಂಗಸು ಸ್ವಲ್ಪ ಹೊತ್ತು ಕೈ ಬಿಡದೆ ನಿಂತಿದ್ದು ಹೊರಟಳು.

ಆದರೆ ಈ ರೆಕಾರ್ಡಿಂಗು ಮೊದಲನೆಯದರ ಹಾಗೆ ಓಡಲಿಲ್ಲ. ಕೊಂಡವರಲ್ಲಿ ಅರ್ಧ ಜನ, "ಹಿಂದಿನದು ಮಜವಾಗಿತ್ತು, ಅದು ಸಿಗಲ್ವಾ?" ಎಂದು ಕೇಳಿದರು. ಅಂಗಡಿಯವನಂತೂ ಮುಖಕ್ಕೇ ಹೇಳಿದ: "ಆ ಮೇಡಂ ಧ್ವನಿ ಚೆನ್ನಾಗಿತ್ತು."

"ಆ ಮೇಡಮ್ಮೂ ನಾನೇ ಕಣಯ್ಯ!"

"ಗೊತ್ತು ಮೇಡಂ. ಆದ್ರೂ."

ಬಂದ ಹಣಕ್ಕೆ ಮೊದಲು ಆರ್ಡರ್ ಕೊಟ್ಟ ಯಂತ್ರ ಸಿಗಲಿಲ್ಲ. ಅಂಗಡಿಯವರು ಅದನ್ನು ಬೇರೆ ಯಾರಿಗೋ ಕೊಟ್ಟು, ಇವರಿಗೆ ಶಕ್ತಿ ಕಡಿಮೆಯ, ಒಮ್ಮೆ ಬಳಸಿದ ಯಂತ್ರ ಕೊಟ್ಟರು. ಮೇಷ್ಟ್ರು ಅದನ್ನು ಜೋಡಿಸಿ, ಛಾವಣಿಯ ಮೇಲಿನ ಕಂಬಕ್ಕೆ ತಂತಿ ಎಳೆದರು. ರೇಡಿಯೋ ಮತ್ತೆ ಮಾತಾಡಿತು. ಬೆಳಗಿನ ಕಾರ್ಯಕ್ರಮದಲ್ಲಿ ಅವಳು ನೀರಿನ ಹೊತ್ತು ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕಾಲುವೆಯ ಆಚೆಯವರ ಫೋನುಗಳು ಶುರುವಾದವು. ಅವರಿಗೆ ಏನೂ ಕೇಳಿಸುತ್ತಿಲ್ಲ. ಟಿಕೆಟ್ ಕೊಂಡವರು ಅವರೂ ಹೌದು. "ನಾವು ಕೇಳೋಕಾಗದೇ ಇರೋ ರೇಡಿಯೋಗೆ ನಾವು ಆ ಗುಂಯ್ ಸಂಗೀತ ಕೇಳ್ಬೇಕಿತ್ತಾ?" ಎಂದು ಒಬ್ಬಾತ ತರಾಟೆಗೆ ತೆಗೆದುಕೊಂಡ. ಆತ ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳಿಂದ ಆಗಲಿಲ್ಲ.

"ಎಲ್ಲೀವರೆಗೆ ಕೇಳಿಸುತ್ತೆ ಅಂತ ಮೊದಲು ನೋಡಿಬಿಡೋಣ" ಎಂದರು ಮೇಷ್ಟ್ರು. "ಆಮೇಲೆ ಕಂಬ ಎತ್ತರಿಸೋದೋ, ಬೇರೆ ಕಡೆ ಹಾಕೋದೋ ಯೋಚಿಸೋಣ."

ಮಧ್ಯಾಹ್ನ ಅವಳು ಅಂಗೈಯಗಲದ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ನಡೆಯುತ್ತ ಹೊರಟಳು. ಬ್ಯಾಂಕಿನ ಮೂಲೆ ದಾಟಿದಳು, ಲಾಂಡ್ರಿ ದಾಟಿದಳು. ಕಾಲುವೆಯ ಸೇತುವೆಯವರೆಗೂ ಚೆನ್ನಾಗಿಯೇ ಇತ್ತು. ಸೇತುವೆ ಇಳಿದ ಮೇಲೆ ಒಂದು ಕ್ಷೌರದ ಅಂಗಡಿಯ ಮುಂದೆ ಸದ್ದು ಕರಕರ ಎಂದಿತು. ಎರಡು ಹೆಜ್ಜೆ ಹಿಂದೆ ಬಂದಳು, ಕರಕರ. ಮುಂದೆ ಹೋದಳು, ಕರಕರ. ಎಡಕ್ಕೆ ತಿರುಗಿಸಿದರೆ ಗುಂಯ್, ಬಲಕ್ಕೆ ತಿರುಗಿಸಿದರೆ ಮತ್ತೆ ಕರಕರ. ಯಂತ್ರ ಸೋತಿದೆಯೋ, ತರಂಗ ಸತ್ತಿದೆಯೋ, ಗೊತ್ತೇ ಆಗುತ್ತಿಲ್ಲ. ಫೋನ್ ಹಚ್ಚಿದಳು.

"ಮೇಷ್ಟ್ರೇ, ಏನು ಹಾಕಿದೀರಿ ಈಗ?"

"ನಿಮ್ಮ ತಮ್ಮಂದೇ. ಮೊದಲನೇ ಕಛೇರಿ, ಮೊದಲ ಭಾಗ. ಉದ್ದ ಇದೆ ಅಂತ ಹಾಕ್ದೆ, ಮಧ್ಯ ಮಧ್ಯ ಬದಲಾಯಿಸೋ ತಾಪತ್ರಯ ಇರಲ್ಲ."

ಬಸ್ಸಕ್ಕ ಕಣ್ಣು ಮುಚ್ಚಿ ಉಸಿರು ಬಿಟ್ಟಳು. "ಅಯ್ಯೋ ದೇವರೇ! ಅದು ಸಂಗೀತವೋ ಕರಕರವೋ ನಂಗೆ ಹೇಗೆ ಗೊತ್ತಾಗ್ಬೇಕು? ಮನುಷ್ಯರು ಮಾತಾಡೋದು ಏನಾದ್ರೂ ಹಾಕಿ ಮೇಷ್ಟ್ರೇ!"

"ಇಲ್ಲಿ ಈಗ ಮನುಷ್ಯ ಅಂದ್ರೆ ನಾನೊಬ್ಬನೇ."

"ಹಾಗಾದ್ರೆ ನೀವೇ ಮಾತಾಡಿ!"

ಕರಕರ ನಿಂತಿತು. ಆಮೇಲೆ ರೇಡಿಯೋದಲ್ಲಿ ಯಾರೋ ಕುರ್ಚಿ ಎಳೆದ ಸದ್ದು, ಮೈಕನ್ನು ಬೆರಳಿನಿಂದ ತಟ್ಟಿದ ಸದ್ದು, ಎಂದೂ ಮೈಕಿನ ಮುಂದೆ ಕೂತಿರದ ಮೇಷ್ಟ್ರ ಹೆದರಿದ ಧ್ವನಿ: "ನಮಸ್ಕಾರ. ಇವತ್ತು ಬಿಸಿಲು ಜಾಸ್ತಿ ಇದೆ." ಮುಂದೇನು ಹೇಳುವುದೆಂದು ತೋಚದೆ ಅವರು ಅದನ್ನೇ ಇನ್ನೊಮ್ಮೆ ಹೇಳಿದರು. ಕ್ಷೌರದ ಅಂಗಡಿಯ ಬಾಗಿಲಲ್ಲಿ ಮಾತು ಸ್ಪಷ್ಟವಾಗಿತ್ತು. ಅವಳು ರೇಡಿಯೋ ಹಿಡಿದುಕೊಂಡು ಮುಂದಿನ ಬೀದಿಯ ಕಡೆ ನಡೆದಳು.